ಕಂಡದ್ದನ್ನು ಬರೆಯೋಣ, ಹೆಣ್ಣುಮಕ್ಕಳಿಗೆ ದಾರಿ ಮಾಡೋಣ

(ಸ್ವಸಹಾಯ ಸಂಘಗಳ ಒಕ್ಕೂಟದ ವಾರ್ಷಿಕ ಸಭೆಯಲ್ಲಿ ಒಂದು ಸಂಘದ ಸದಸ್ಯೆಯರು ಮಾಡಿದ ಭಾಷಣದ ಬರಹ ರೂಪ)



ಹೆಣ್ಣುಮಕ್ಕಳ ಮುಂದಿನ ಓದಿಗೆ ಸಂಘ ಏನು ಮಾಡಬಹುದು ಎಂಬ ವಿಷಯ ಕೊಟ್ಟು ನಮಗೆ ಮಾತನಾಡಲು ಹೇಳಿದ್ದಾರೆ. ವಿಷಯ ದೊಡ್ಡದು. ಅಷ್ಟು ದೊಡ್ಡದಾಗಿ ಮಾತನಾಡಲು ನಮಗೆ ಬರುವುದಿಲ್ಲ. ಕಳೆದ ವರ್ಷ ನಮ್ಮ ಸಂಘ ಒಬ್ಬ ಹುಡುಗಿಗೆ ಶಿಫಾರಸು ಪತ್ರ ಬರೆದುಕೊಟ್ಟಿತು. ಮೊದಲ ಸಲ ತಪ್ಪಾಗಿ ಬರೆದೆವು. ಎರಡನೇ ಸಲ ಸರಿಯಾಗಿ ಬರೆದೆವು. ಆ ಎರಡು ಪತ್ರಗಳ ವಿಷಯವನ್ನೇ ತಮ್ಮ ಮುಂದೆ ಇಡುತ್ತೇವೆ. ಇದರಲ್ಲಿ ನಮ್ಮ ಸಂಘದ ಒಂದು ತಪ್ಪೂ ಹೊರಗೆ ಬರುತ್ತದೆ. ಅದನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಈ ಮಾತು ಹೇಳಲು ಆಗುವುದಿಲ್ಲ. ಅದಕ್ಕೇ ಮೊದಲೇ ಹೇಳಿಬಿಡುತ್ತಿದ್ದೇವೆ.

ಹುಡುಗಿ ಯಾರು?

ಹೆಸರು ಹೇಳಬೇಡಿ ಎಂದು ಅವಳೇ ಕೇಳಿಕೊಂಡಿದ್ದಾಳೆ. ನಮ್ಮ ಸಂಘದ ಸದಸ್ಯೆಯೊಬ್ಬರ ಮಗಳು. ಅವಳು ಏಳನೇ ಕ್ಲಾಸಿನಲ್ಲಿದ್ದಾಗ ತಂದೆ ತೀರಿಕೊಂಡರು. ತಾಯಿ ಹಗಲು ಕೂಲಿಗೆ ಹೋಗುತ್ತಾರೆ, ಉಳಿದ ಹೊತ್ತಿನಲ್ಲಿ ಹೂ ಕಟ್ಟುತ್ತಾರೆ. ಹುಡುಗಿ ಎಸ್ಸೆಸ್ಸೆಲ್ಸಿವರೆಗೆ ಪಕ್ಕದೂರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದಳು. ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡಳು. ಇಂಜಿನಿಯರಿಂಗ್ ಓದುವ ಆಸೆ ಇತ್ತು. ಫೀಸು ಎಷ್ಟು, ಹಾಸ್ಟೆಲಿಗೆ ಎಷ್ಟು ಎಂದು ತಾಯಿ ಮಗಳು ಒಂದು ರಾತ್ರಿ ಕೂತು ಲೆಕ್ಕ ಹಾಕಿ ಆ ಮಾತನ್ನು ಬಿಟ್ಟುಬಿಟ್ಟರು. ತಾಲ್ಲೂಕಿನ ಸರ್ಕಾರಿ ಕಾಲೇಜಿನಲ್ಲಿ ಗಣಿತ, ಭೌತಶಾಸ್ತ್ರ ತೆಗೆದುಕೊಂಡು ಬಿ.ಎಸ್ಸಿ. ಸೇರಿದಳು.

ಬೆಳಿಗ್ಗೆ ಐದಕ್ಕೆ ಎದ್ದು ತಾಯಿಯ ಜೊತೆ ಹೂ ಕಟ್ಟಿ, ಏಳೂವರೆ ಬಸ್ಸಿಗೆ ಓಡುವ ಹುಡುಗಿ. ಸೀಟು ಸಿಕ್ಕಿದರೆ ಬಸ್ಸಿನಲ್ಲೇ ಪುಸ್ತಕ ತೆಗೆಯುತ್ತಾಳೆ. ವಾರದ ಸಭೆಯ ಸಂಜೆ ನಮ್ಮ ಸಂಘದ ಲೆಕ್ಕ ಬರೆಯುತ್ತಾಳೆ. ನಾವು 15 ಜನ ಸದಸ್ಯೆಯರು. ಸಹಿ ಹಾಕಲು ಎಲ್ಲರೂ ಕಲಿತಿದ್ದೇವೆ. ಆದರೆ ಲೆಡ್ಜರ್ ಬರೆಯೋದು ಅಂದರೆ ಕೈ ನಡುಗುತ್ತದೆ. ಅದಕ್ಕೇ ಅವಳು ಎರಡನೇ ಪಿಯುಸಿಯಲ್ಲಿದ್ದಾಗಲೇ ಕರೆದು ಕೂರಿಸಿದೆವು. ಮೂರು ವರ್ಷದಲ್ಲಿ ಅವಳು ತಪ್ಪಿಸಿದ್ದು ನಾಲ್ಕೇ ಸಭೆ. ನಾಲ್ಕೂ ಪರೀಕ್ಷೆಯ ಹಿಂದಿನ ದಿನ. ಇದು ನಾವು ಹೊಗಳಿ ಹೇಳುವ ಮಾತಲ್ಲ, ನಡಾವಳಿ ಪುಸ್ತಕದಲ್ಲಿ ಇರುವ ಮಾತು.

ಇಂಟರ್ನ್‌ಶಿಪ್ ಅಂದರೆ ಏನು?

ಕಳೆದ ವರ್ಷ ಬಿ.ಎಸ್ಸಿ. ಎರಡನೇ ವರ್ಷ ಮುಗಿಸಿ ರಜೆ ಬಂತು. ಮೈಸೂರಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ವಿದ್ಯಾರ್ಥಿಗಳನ್ನು ಎರಡು ತಿಂಗಳ ಇಂಟರ್ನ್‌ಶಿಪ್‌ಗೆ ತೆಗೆದುಕೊಳ್ಳುತ್ತಾರೆ ಎಂದು ಅವಳ ಗಣಿತದ ಮೇಡಂ ತಿಳಿಸಿದರು. ಯಂತ್ರಗಳಿಗೆ ಬೇಕಾದ ಕಬ್ಬಿಣದ ಭಾಗಗಳನ್ನು ಕಡೆದು ಮಾಡುವ ಕಾರ್ಖಾನೆ ಅದು.

ಇಂಟರ್ನ್‌ಶಿಪ್ ಎಂದರೆ ಓದುತ್ತಿರುವಾಗಲೇ ಕೆಲಸದ ಜಾಗಕ್ಕೆ ಹೋಗಿ, ಕೆಲಸ ಮಾಡುವವರ ಪಕ್ಕದಲ್ಲಿ ನಿಂತು ಕಲಿಯುವುದು. ನಮ್ಮಲ್ಲಿ ಟೈಲರಿಂಗ್ ಕಲಿತವರಿಗೆ ಇದು ಗೊತ್ತು. ಕ್ಲಾಸಿನಲ್ಲಿ ಪೇಪರ್ ಮೇಲೆ ಬ್ಲೌಸ್ ಕಟಿಂಗ್ ಎಷ್ಟು ಮಾಡಿದರೂ, ಗಿರಾಕಿಯ ಬಟ್ಟೆಗೆ ಕತ್ತರಿ ಹಾಕಿದ ದಿನವೇ ಕೆಲಸ ಕಲಿಯುವುದು. ಹಾಗೆಯೇ ಇದು.

ಅಪ್ರೆಂಟಿಸ್ ಎಂಬುದು ಬೇರೆ. ಅದಕ್ಕೆ 1961ರ ಅಪ್ರೆಂಟಿಸ್ ಕಾಯ್ದೆ ಇದೆ. ಬರಹದಲ್ಲಿ ಒಪ್ಪಂದ ಇರುತ್ತದೆ, ಪ್ರತಿ ತಿಂಗಳು ಸ್ಟೈಪೆಂಡ್ ಕೊಡಲೇಬೇಕು. ಮೊದಲು ಪದವೀಧರರ ಪೈಕಿ ಇಂಜಿನಿಯರಿಂಗ್ ಓದಿದವರಿಗೆ ಹೆಚ್ಚಾಗಿ ಇದ್ದ ಈ ದಾರಿಯನ್ನು 2014ರ ತಿದ್ದುಪಡಿ ಬೇರೆ ಪದವಿ ಓದಿದವರಿಗೂ ತೆರೆಯಿತು. 2019ರಲ್ಲಿ ಬದಲಾದ ನಿಯಮದಲ್ಲಿ ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಎಂದು ಮಾಡಿದರು. ಆದರೆ ರಜೆಯ ಇಂಟರ್ನ್‌ಶಿಪ್‌ನಲ್ಲಿ ಹಣ ಕೊಡಬಹುದು, ಕೊಡದೆಯೂ ಇರಬಹುದು. ಆದ್ದರಿಂದ ನಮ್ಮ ಮಕ್ಕಳು ಹೋಗುವುದು ಯಾವುದಕ್ಕೆ ಎಂದು ನಾವು ಮೊದಲು ಕೇಳಿ ತಿಳಿದುಕೊಳ್ಳಬೇಕು.

ಈ ಕಾರ್ಖಾನೆಯವರು ಅರ್ಜಿಯ ಜೊತೆ ಎರಡು ಪತ್ರ ಕೇಳಿದ್ದರು. ಒಂದು ಕಾಲೇಜಿನಿಂದ. ಇನ್ನೊಂದು, ಮನೆಯವರಲ್ಲದ, ಅವಳ ಕೆಲಸವನ್ನು ಹತ್ತಿರದಿಂದ ನೋಡಿದವರಿಂದ. ಕಾಲೇಜಿನ ಪತ್ರವನ್ನು ಮೇಡಂ ಕೊಟ್ಟರು. ಎರಡನೆಯದಕ್ಕೆ ಅವಳು ನಮ್ಮ ಹತ್ತಿರ ಬಂದಳು.

ನಮ್ಮ ಮೊದಲ ಪತ್ರ

ಶಿಫಾರಸು ಎಂದ ಕೂಡಲೇ ನಮಗೆ ನೆನಪಿಗೆ ಬಂದದ್ದು ದೊಡ್ಡವರ ಲೆಟರು. "ನಮ್ ಲೆಟರ್‌ಗೆ ಯಾರ್ ಬೆಲೆ ಕೊಟ್ಟಾರು ಕಣವ್ವ? ಪಂಚಾಯ್ತಿ ಮೆಂಬರ್ ಹತ್ರ ಬರೆಸ್ಕೋ" ಎಂದರು ನಮ್ಮಲ್ಲೇ ಒಬ್ಬರು. "ಅವರು ನನ್ನ ಕೆಲಸ ನೋಡಿಲ್ವಲ್ಲ ಅತ್ತೆ, ನೀವು ನೋಡಿದ್ದೀರಿ" ಎಂದಳು ಹುಡುಗಿ.

ಸರಿ, ಬರೆದೆವು. ಹೀಗಿತ್ತು ನಮ್ಮ ಪತ್ರ: ಈ ಹುಡುಗಿ ಕಡುಬಡವಳು. ತಂದೆ ಇಲ್ಲ. ತಾಯಿ ಕೂಲಿ ಮಾಡುತ್ತಾರೆ. ಸ್ವಂತ ಜಮೀನು ಇಲ್ಲ. ಒಳ್ಳೆಯ ನಡತೆಯವಳು. ತಾವು ದೊಡ್ಡ ಮನಸ್ಸು ಮಾಡಿ ಇವಳಿಗೆ ಅವಕಾಶ ಕೊಟ್ಟು ಕಾಪಾಡಬೇಕಾಗಿ ಬೇಡಿಕೊಳ್ಳುತ್ತೇವೆ. ಕೆಳಗೆ ಪ್ರತಿನಿಧಿಗಳ ಸಹಿ, ಸಂಘದ ಸೀಲು.

ಒಂದು ವಾರದ ಮೇಲೆ ಆ ಕಾರ್ಖಾನೆಯ ಅಧಿಕಾರಿಯೊಬ್ಬರು ಫೋನ್ ಮಾಡಿದರು. ಮರ್ಯಾದೆಯಿಂದಲೇ ಮಾತನಾಡಿದರು. "ಅಮ್ಮಾ, ನಿಮ್ಮ ಪತ್ರ ಓದಿದೆ. ಹುಡುಗಿಯ ಕಷ್ಟ ಗೊತ್ತಾಯಿತು. ಆದರೆ ಅವಳಿಗೆ ಏನು ಬರುತ್ತದೆ ಅಂತ ಗೊತ್ತಾಗಲಿಲ್ಲ. ಇಲ್ಲಿ ಇಂಜಿನಿಯರಿಂಗ್, ಡಿಪ್ಲೊಮಾ ಮಕ್ಕಳ ಅರ್ಜಿ ಬಹಳ ಇವೆ. ಬಿ.ಎಸ್ಸಿ. ಹುಡುಗಿಯನ್ನು ಯಾಕೆ ತಗೋಬೇಕು ಅಂತ ನಾನು ಮೇಲಿನವರಿಗೆ ಹೇಳಬೇಕಲ್ಲ" ಎಂದರು. ಹತ್ತು ದಿನದ ಗಡುವು ಕೊಟ್ಟರು.

ಆ ದಿನ ಸಂಜೆ ತಾಯಿ ಬಂದು ಒಂದು ಮಾತು ಹೇಳಿದರು. ಮಗಳು ಪತ್ರದ ನಕಲು ನೋಡಿ ಅತ್ತಿದ್ದಳಂತೆ. "ನಾನು ಬಡವಳು ಅಂತ ಐದು ಕಡೆ ಬರೆದಿದ್ದಾರೆ ಕಣಮ್ಮ. ನಾನು ಮಾಡಿದ್ದು ಒಂದು ಕಡೆನೂ ಬರೆದಿಲ್ಲ" ಅಂದಳಂತೆ.

ಅಕ್ಕತಂಗಿಯರೇ, ಆ ಮಾತು ನಮಗೆ ನಾಟಿತು. ನಾವು ಅವಳಿಗೆ ಒಳ್ಳೆಯದೇ ಬಯಸಿದ್ದೆವು. ಆದರೂ ಅವಳ ಕೈಗೆ ನಾವು ಕೊಟ್ಟದ್ದು ಭಿಕ್ಷೆಯ ತಟ್ಟೆ. ಸಂಘ ಕಟ್ಟಿದ್ದೇ ಯಾರ ಮುಂದೂ ಕೈಚಾಚಬಾರದು ಎಂದು. ನಮ್ಮ ಮಗಳ ಪರವಾಗಿ ನಾವೇ ಕೈಚಾಚಿ ನಿಂತಿದ್ದೆವು.

ಎರಡನೇ ಪತ್ರ ಯಾಕೆ ಕಷ್ಟವಾಯಿತು?

ಮಾರನೇ ದಿನ ತುರ್ತು ಸಭೆ ಕರೆದೆವು. ಅವಳ ಮೇಡಂ ಅವರನ್ನೂ ಬರಲು ಕೇಳಿಕೊಂಡೆವು. ಅವರು ಹೇಳಿದ್ದು ಇಷ್ಟೇ: "ಅವಳ ಮಾರ್ಕ್ಸು ನಾನು ಬರೆದಿದ್ದೇನೆ. ನೀವು ಕಣ್ಣಾರೆ ಕಂಡದ್ದು ಬರೀರಿ. ಗಣಿತ ಅವಳ ಕೈಯಲ್ಲಿ ಏನು ಕೆಲಸ ಮಾಡಿತು ಅಂತ ನಿಮಗೆ ಗೊತ್ತು, ನನಗೆ ಗೊತ್ತಿಲ್ಲ."

ಆಗ ಎಲ್ಲರೂ ಸುಮ್ಮನಾದೆವು. ಯಾಕೆಂದರೆ ಎಲ್ಲರ ಮನಸ್ಸಿಗೂ ಒಂದೇ ವಿಷಯ ಬಂದಿತ್ತು. ಅದನ್ನು ಹೊರಗೆ ಹೇಳಬಾರದು ಎಂದು ಹಿಂದಿನ ವರ್ಷ ನಾವೇ ಮಾತಾಡಿಕೊಂಡಿದ್ದೆವು.

ವಿಷಯ ಇದು. ನಮ್ಮ ಸಂಘದಲ್ಲಿ ಸಾಲಕ್ಕೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ. ನಿಯಮಾವಳಿಯಲ್ಲಿ ಉಳಿದ ಅಸಲಿನ ಮೇಲೆ ಬಡ್ಡಿ ಎಂದು ಬರೆದಿತ್ತು. ಆದರೆ ನಾವು ವಸೂಲು ಮಾಡುತ್ತಿದ್ದದ್ದು ಬೇರೆ ರೀತಿ. ಒಬ್ಬ ಅಕ್ಕ ಆಡು ಸಾಕಲು 10,000 ರೂಪಾಯಿ ತೆಗೆದುಕೊಂಡರು ಅನ್ನಿ. ತಿಂಗಳಿಗೆ 1,000ದಂತೆ ಹತ್ತು ತಿಂಗಳಲ್ಲಿ ತೀರಿಸಬೇಕು. ನಾವು ಮೊದಲ ತಿಂಗಳು 200 ರೂಪಾಯಿ ಬಡ್ಡಿ ಹಾಕಿದೆವು, ಕೊನೆಯ ತಿಂಗಳೂ 200 ಹಾಕಿದೆವು. ಒಟ್ಟು ಬಡ್ಡಿ 2,000.

ಹುಡುಗಿ ಲೆಕ್ಕ ಬರೆಯಲು ಕೂತು ಒಂದು ವರ್ಷವಾಗಿತ್ತು. ಒಂದು ಸಂಜೆ ತಲೆ ಎತ್ತಿ ಕೇಳಿದಳು: "ಅತ್ತೆ, ಎರಡನೇ ತಿಂಗಳು ಇವರ ಹತ್ರ ಇರೋದು ಒಂಬತ್ತೇ ಸಾವಿರ. ಹತ್ತು ಸಾವಿರಕ್ಕೆ ಯಾಕೆ ಬಡ್ಡಿ ಕಟ್ಟಬೇಕು?" ಆಮೇಲೆ ಒಂದು ಹಾಳೆಯಲ್ಲಿ ಹತ್ತು ಸಾಲು ಬರೆದಳು. ಮೊದಲ ತಿಂಗಳು 200, ಎರಡನೇ ತಿಂಗಳು 180, ಮೂರನೇ ತಿಂಗಳು 160, ಹೀಗೇ ಇಳಿಯುತ್ತಾ ಹತ್ತನೇ ತಿಂಗಳು 20. ಒಟ್ಟು 1,100. ಅಂದರೆ ಒಂದು ಸಾಲದಲ್ಲೇ 900 ರೂಪಾಯಿ ಹೆಚ್ಚು ತೆಗೆದುಕೊಂಡಿದ್ದೆವು.

ನಮಗೆ ಮೊದಲು ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. "ನೆನ್ನೆ ಮೊನ್ನೆ ಕಣ್ಬಿಟ್ಟ ಮಗು ನಮಗೆ ಲೆಕ್ಕ ಹೇಳ್ತದಾ" ಎಂದವರೂ ಇದ್ದರು. "ಅವಳಮ್ಮನ ಸಾಲ ಉಳಿಸೋಕೆ ಹೇಳ್ತಾವ್ಳೆ" ಎಂದರು ಇನ್ನೊಬ್ಬರು. ಪುಸ್ತಕ ತೆಗೆದು ನೋಡಿದರೆ ಆಗ ಅವಳಮ್ಮನ ಹೆಸರಿನಲ್ಲಿ ಒಂದು ರೂಪಾಯಿ ಸಾಲವೂ ಇರಲಿಲ್ಲ.

ಸಂಘದ ಹಣ ಎಲ್ಲಿಗೆ ಹೋಯಿತು, ಸಂಘದಲ್ಲೇ ಇದೆಯಲ್ಲ ಎಂದು ತಮಗೆ ಅನ್ನಿಸಬಹುದು. ನಮಗೂ ಹಾಗೇ ಅನ್ನಿಸಿತ್ತು. ಆದರೆ ವರ್ಷದ ಕೊನೆಗೆ ಲಾಭಾಂಶವನ್ನು ನಾವು ಎಲ್ಲರಿಗೂ ಸಮನಾಗಿ ಹಂಚುತ್ತೇವೆ. ಸಾಲ ಮಾಡಿದವರು ಹೆಚ್ಚಾಗಿ ಕಟ್ಟಿದ ದುಡ್ಡು, ಸಾಲ ಮಾಡದವರಿಗೂ ಪಾಲಾಗಿ ಹೋಗುತ್ತಿತ್ತು. ಪದೇ ಪದೇ ಸಾಲ ಬೇಕಾಗುವುದು ಯಾರಿಗೆ? ಹೆಚ್ಚು ಕಷ್ಟದಲ್ಲಿರುವವರಿಗೆ. ಅವರಿಂದಲೇ ನಾವು ಗೊತ್ತಿಲ್ಲದೆ ಹೆಚ್ಚು ತೆಗೆದುಕೊಂಡಿದ್ದೆವು.

ಹುಡುಗಿ ಹಿಂದಿನ 22 ಸಾಲಗಳ ಲೆಕ್ಕವನ್ನು ಮತ್ತೆ ಮಾಡಿದಳು. ಮೂರು ವಾರ ಹಿಡಿಯಿತು. ಪ್ರತಿಯೊಬ್ಬರಿಗೂ ಅವರ ಸಾಲು ಓದಿ ಹೇಳಿ, ಅರ್ಥವಾಗದಿದ್ದರೆ ಹುಣಸೆಬೀಜ ಇಟ್ಟು ತೋರಿಸಿದಳು. ಹೆಚ್ಚು ಬಂದ ಹಣವನ್ನು ಆಯಾ ಸದಸ್ಯೆಯರ ಉಳಿತಾಯಕ್ಕೆ ಜಮಾ ಮಾಡಿದೆವು. ಸಂಘದ ಮಾತು ಸಂಘದಲ್ಲೇ ಇರಲಿ ಎಂದು ಬಾಯಿಗೆ ಬೀಗ ಹಾಕಿಕೊಂಡೆವು.

ಈಗ ಪತ್ರದಲ್ಲಿ ಅದನ್ನೇ ಬರೆಯಬೇಕು. "ಇದನ್ನ ಬರೆದ್ರೆ ನಮ್ಮ ಸಂಘದ ಮಾನ ಏನಾಗ್ತದೆ ಕಣಕ್ಕ?" ಎಂದು ಕೇಳಿದರು ಒಬ್ಬರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆ ಆಡಿನ ಸಾಲ ಮಾಡಿದ್ದ ಅಕ್ಕನೇ ಕೊನೆಗೆ ಹೇಳಿದರು: "ನಮ್ಮ ಮಾನ ಉಳಿಸಿದ್ದೇ ಆ ಮಗು. ನಮ್ಮ ತಪ್ಪು ಮುಚ್ಚೋಕೆ ಅವಳ ಗುಣ ಮುಚ್ಚೋದು ಸರೀನಾ?"

ಠರಾವು ಮಾಡಿದೆವು. ಬರೆಯುವುದು ಎಂದು.

ಫೇಲಾದದ್ದನ್ನು ಬರೆಯಬೇಕೇ?

ಇನ್ನೊಂದು ತೊಡಕು ಇತ್ತು. ಮೊದಲ ಸೆಮಿಸ್ಟರಿನಲ್ಲಿ ಅವಳು ಗಣಿತದ ಒಂದು ಪೇಪರಿನಲ್ಲೇ ಫೇಲಾಗಿದ್ದಳು. ಕನ್ನಡದಲ್ಲಿ ಓದಿ ಬಂದವಳಿಗೆ ಇಂಗ್ಲಿಷಿನ ಪ್ರಶ್ನೆ ಅರ್ಥವಾಗಿರಲಿಲ್ಲ. ಆಮೇಲೆ ಇಂಗ್ಲಿಷ್ ಗಣಿತದ ಪದಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡ ಅರ್ಥದ ಜೊತೆ ಬರೆದುಕೊಂಡು, ಮತ್ತೆ ಪರೀಕ್ಷೆ ಕಟ್ಟಿ 68 ತೆಗೆದಳು. ಇದನ್ನು ಬಿಟ್ಟುಬಿಡೋಣ ಎಂದೆವು ನಾವು.

ಮೇಡಂ ಶ್ರೀನಿವಾಸ ರಾಮಾನುಜನ್ ಅವರ ವಿಷಯ ಹೇಳಿದರು. ರಾಮಾನುಜನ್ ಎಂದರೆ ಇಡೀ ಪ್ರಪಂಚಕ್ಕೇ ಗೊತ್ತಿರುವ ಗಣಿತಜ್ಞರು. ಆದರೆ ಕಾಲೇಜಿನ ಎಫ್.ಎ. ಪರೀಕ್ಷೆಯಲ್ಲಿ ಗಣಿತ ಬಿಟ್ಟು ಉಳಿದ ವಿಷಯಗಳಿಗೆ ಗಮನ ಕೊಡದೆ ನಪಾಸಾದವರು. ಕೈಯಲ್ಲಿ ಡಿಗ್ರಿ ಇರಲಿಲ್ಲ. 1912ರಲ್ಲಿ ಮದ್ರಾಸಿನ ಬಂದರು ಕಚೇರಿಯಲ್ಲಿ ಗುಮಾಸ್ತ ಕೆಲಸಕ್ಕೆ ಅರ್ಜಿ ಹಾಕಿದಾಗ, ಪ್ರೆಸಿಡೆನ್ಸಿ ಕಾಲೇಜಿನ ಗಣಿತ ಪ್ರೊಫೆಸರ್ ಮಿಡ್ಲ್‌ಮಾಸ್ಟ್ ಎಂಬವರ ಶಿಫಾರಸು ಪತ್ರ ಜೊತೆಗಿತ್ತು. ಗಣಿತದಲ್ಲಿ ಈ ಯುವಕನಿಗೆ ಅಸಾಧಾರಣ ಶಕ್ತಿ ಇದೆ, ಅಂಕಿಗಳ ಕೆಲಸದಲ್ಲಿ ಬಹಳ ಚುರುಕು ಎಂಬುದು ಅದರ ತಿರುಳು. ಲೆಕ್ಕಪತ್ರದ ಕೆಲಸಕ್ಕೆ ಬೇಕಾದದ್ದೇ ಅದು. ತಿಂಗಳಿಗೆ 30 ರೂಪಾಯಿ ಸಂಬಳದ ಕೆಲಸ ಸಿಕ್ಕಿತು. ಆ ಬಂದರು ಕಚೇರಿಯ ಮುಖ್ಯಸ್ಥರು ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಎಂಬ ಇಂಜಿನಿಯರು. ಅವರೂ, ಅಲ್ಲಿನ ಹಿರಿಯ ಅಧಿಕಾರಿ ನಾರಾಯಣ ಅಯ್ಯರ್ ಅವರೂ ಮುಂದೆ ರಾಮಾನುಜನ್‌ಗೆ ಬೆನ್ನಾಗಿ ನಿಂತರು. 1914ರಲ್ಲಿ ರಾಮಾನುಜನ್ ಇಂಗ್ಲೆಂಡಿಗೆ ಹೋದರು.

"ನಮ್ಮ ಹುಡುಗಿ ರಾಮಾನುಜನ್ ಅಲ್ಲ. ಆದರೆ ಎಡವಿದವಳು ಎದ್ದು ನಿಂತದ್ದನ್ನು ನೀವು ಕಂಡಿದ್ದೀರಿ. ಮಾರ್ಕ್ಸ್ ಕಾರ್ಡ್ ನೋಡಿದರೆ ಅವರಿಗೆ ಫೇಲಾದದ್ದು ಹೇಗೂ ಗೊತ್ತಾಗುತ್ತದೆ. ಎದ್ದದ್ದು ಹೇಗೆ ಅಂತ ನೀವು ಹೇಳಿದರೆ ಮಾತ್ರ ಗೊತ್ತಾಗೋದು" ಎಂದರು ಮೇಡಂ.

ನಮ್ಮ ಎರಡನೇ ಪತ್ರ

ಆ ಪತ್ರವನ್ನು ಇಲ್ಲಿ ಓದುತ್ತೇವೆ.

"ಮಾನ್ಯರೇ, ಈ ವಿದ್ಯಾರ್ಥಿನಿ ಮೂರು ವರ್ಷದಿಂದ ನಮ್ಮ ಸಂಘದ 15 ಸದಸ್ಯೆಯರ ಉಳಿತಾಯ ಮತ್ತು ಸಾಲದ ಲೆಕ್ಕ ಬರೆಯುತ್ತಿದ್ದಾಳೆ. ವಾರದ ಸಭೆಗಳಲ್ಲಿ ತಪ್ಪಿಸಿದ್ದು ನಾಲ್ಕು ಮಾತ್ರ. ನಾವು ಸಾಲದ ಬಡ್ಡಿಯನ್ನು ತಪ್ಪಾಗಿ ಹಾಕುತ್ತಿದ್ದುದನ್ನು ಇವಳು ಕಂಡುಹಿಡಿದಳು. ದೊಡ್ಡವರು ಸಿಟ್ಟು ಮಾಡಿದರೂ ಹೆದರದೆ, ಎದುರು ಮಾತನಾಡದೆ, ಕಾಗದದ ಮೇಲೆ ತೋರಿಸಿದಳು. 22 ಸಾಲಗಳ ಲೆಕ್ಕವನ್ನು ಮತ್ತೆ ಮಾಡಿದಳು. ಅದನ್ನು ಒಕ್ಕೂಟದ ಲೆಕ್ಕಿಗರು ಪರಿಶೀಲಿಸಿದಾಗ ಒಂದು ರೂಪಾಯಿ ವ್ಯತ್ಯಾಸವೂ ಬರಲಿಲ್ಲ. ಮೊದಲ ಸೆಮಿಸ್ಟರಿನಲ್ಲಿ ಗಣಿತದ ಒಂದು ಪೇಪರಿನಲ್ಲಿ ಫೇಲಾಗಿದ್ದಳು. ಇಂಗ್ಲಿಷ್ ಪದಗಳನ್ನು ತಾನೇ ಬರೆದುಕೊಂಡು ಕಲಿತು ಮುಂದಿನ ಪರೀಕ್ಷೆಯಲ್ಲಿ 68 ಅಂಕ ಪಡೆದಳು. ಇಂಗ್ಲಿಷ್ ಮಾತನಾಡಲು ಇನ್ನೂ ಹಿಂಜರಿಯುತ್ತಾಳೆ, ಬರೆದದ್ದನ್ನು ಓದಿ ಅರ್ಥ ಮಾಡಿಕೊಳ್ಳುತ್ತಾಳೆ. ಯಂತ್ರದ ಕೆಲಸ ಇವಳಿಗೆ ಹೊಸದು. ಅಳತೆ, ಲೆಕ್ಕ, ದಾಖಲೆ ಇವುಗಳನ್ನು ನಂಬಿ ವಹಿಸಬಹುದು. ನಮ್ಮ ದುಡ್ಡನ್ನು ನಾವು ವಹಿಸಿದ್ದೇವೆ."

ಬಡವಳು ಎಂಬ ಪದ ಅದರಲ್ಲಿ ಒಂದು ಸಲವೂ ಬರಲಿಲ್ಲ. 15 ಜನರೂ ಸಹಿ ಹಾಕಿದೆವು.

ಗಣಿತ ಓದಿದವಳಿಗೆ ಕಾರ್ಖಾನೆಯಲ್ಲಿ ಏನು ಕೆಲಸ?

ಈ ಪ್ರಶ್ನೆಯನ್ನು ಊರಿನಲ್ಲೂ ಕೇಳಿದರು. ಇದಕ್ಕೆ ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ.

ನಂಜನಗೂಡಿನಲ್ಲಿ ವಕೀಲರಾಗಿದ್ದವರೊಬ್ಬರ ಮಗಳು ರಾಜೇಶ್ವರಿ ಚಟರ್ಜಿ. ಹುಟ್ಟಿದ್ದು 1922ರಲ್ಲಿ. ಅವರ ಅಜ್ಜಿ ಕಮಲಮ್ಮ ದಾಸಪ್ಪ. ಮೈಸೂರು ಸಂಸ್ಥಾನದಲ್ಲಿ ಡಿಗ್ರಿ ಮಾಡಿದ ಮೊದಲ ಕೆಲವು ಹೆಂಗಸರಲ್ಲಿ ಒಬ್ಬರು. ವಿಧವೆಯರು, ಗಂಡ ಬಿಟ್ಟವರು ಓದಬೇಕು ಎಂದು ದುಡಿದವರು. ಅಜ್ಜಿ ಕಟ್ಟಿದ ಶಾಲೆಯಲ್ಲೇ ಮೊಮ್ಮಗಳು ಓದಿದ್ದು. ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದಲ್ಲಿ ಬಿ.ಎಸ್ಸಿ. ಆನರ್ಸ್, ಎಂ.ಎಸ್ಸಿ. ಮಾಡಿದರು. ಓದಿದ್ದು ಗಣಿತ. ಆದರೆ 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ, ನಮ್ಮ ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತಿದ್ದ ಜಾಗದ, ವಿದ್ಯುತ್ ವಿಭಾಗಕ್ಕೆ ಸಂಶೋಧನಾ ವಿದ್ಯಾರ್ಥಿನಿಯಾಗಿ ಸೇರಿದರು. 1946ರಲ್ಲಿ ಸರ್ಕಾರದ ವಿದ್ಯಾರ್ಥಿವೇತನಕ್ಕೆ ಆಯ್ಕೆಯಾಗಿ, 1947ರಲ್ಲಿ ಒಂದು ತಿಂಗಳು ಹಡಗಿನಲ್ಲಿ ಪ್ರಯಾಣ ಮಾಡಿ ಅಮೆರಿಕಕ್ಕೆ ಹೋದರು. ಅಲ್ಲಿ ಇಂಜಿನಿಯರಿಂಗ್ ಓದಿ, ಸರ್ಕಾರದ ಒಪ್ಪಂದದ ಪ್ರಕಾರ ವಾಷಿಂಗ್ಟನ್ನಿನ ಅಳತೆಮಾನಗಳ ರಾಷ್ಟ್ರೀಯ ಸಂಸ್ಥೆಯಲ್ಲಿ ಎಂಟು ತಿಂಗಳು ಕೆಲಸದ ತರಬೇತಿ ಪಡೆದರು. ಈಗ ನಾವು ಇಂಟರ್ನ್‌ಶಿಪ್ ಎನ್ನುವುದೂ ಇಂಥದ್ದೇ. 1953ರಲ್ಲಿ ಡಾಕ್ಟರೇಟ್ ಮುಗಿಸಿ ವಾಪಸು ಬಂದು, ಅದೇ ಬೆಂಗಳೂರಿನ ಸಂಸ್ಥೆಯಲ್ಲಿ ಪಾಠ ಮಾಡಿದರು. ಮೈಕ್ರೋವೇವ್, ಆಂಟೆನಾ ಅವರ ವಿಷಯ. ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ಅವರನ್ನು ಹೇಳುತ್ತಾರೆ. 1982ರಲ್ಲಿ ನಿವೃತ್ತರಾದ ಮೇಲೆ ಹೆಂಗಸರ ಪರವಾದ ಕೆಲಸಗಳಲ್ಲಿ ತೊಡಗಿದ್ದರು. 2010ರಲ್ಲಿ ತೀರಿಕೊಂಡರು.

ಗಣಿತದಿಂದ ಇಂಜಿನಿಯರಿಂಗ್ ಕಡೆಗೆ ಒಬ್ಬ ಹೆಣ್ಣುಮಗಳು ಆಗಲೇ ನಡೆದಿದ್ದಾಳೆ. ದಾರಿ ಇದೆ.

ಕಾರ್ಖಾನೆಯಲ್ಲಿ ಅವಳು ಮಾಡಿದ್ದು

ನಮ್ಮ ಹುಡುಗಿಯನ್ನು ತೆಗೆದುಕೊಂಡರು. ಎರಡು ತಿಂಗಳು. ಊಟ ಅಲ್ಲೇ, ಸಣ್ಣ ಮೊತ್ತದ ಸ್ಟೈಪೆಂಡ್. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲದ್ದರಿಂದ ದಿನಾ ಹೋಗಿ ಬರುವ ಖರ್ಚು ಉಳಿಯಿತು. ಸೇಫ್ಟಿ ಶೂ ತೆಗೆದುಕೊಳ್ಳಲು ತಾಯಿ ಸಂಘದಿಂದ ಸಾಲ ತೆಗೆದುಕೊಂಡರು. ಬಡ್ಡಿ ಉಳಿದ ಅಸಲಿನ ಮೇಲೆ ಮಾತ್ರ!

ಅಲ್ಲಿ ಅವಳಿಗೆ ಸಿಕ್ಕಿದ್ದು ಗುಣಮಟ್ಟ ನೋಡುವ ವಿಭಾಗ. 25 ಮಿಲಿಮೀಟರ್ ದಪ್ಪದ ಕಬ್ಬಿಣದ ಸರಳು ಮಾಡುತ್ತಾರೆ ಅನ್ನಿ. ಒಂದು ತಲೆಕೂದಲಿನಷ್ಟು ದಪ್ಪ ಹೆಚ್ಚಾದರೂ ಯಂತ್ರದೊಳಗೆ ಕೂರುವುದಿಲ್ಲ. ಮೈಕ್ರೋಮೀಟರ್ ಎಂಬ ಸಾಧನದಲ್ಲಿ ಒಂದು ಮಿಲಿಮೀಟರನ್ನು ನೂರು ಭಾಗ ಮಾಡಿದರೆ ಅದರಲ್ಲಿ ಒಂದು ಭಾಗದವರೆಗೆ ಅಳೆಯುತ್ತಾರೆ. ಇವಳು ಗಂಟೆಗೆ ಐದು ಸರಳು ತೆಗೆದು, ಅಳೆದು, ಸರಾಸರಿ ಮಾಡಿ, ಗೆರೆ ಹಾಕಿದ ಹಾಳೆಯಲ್ಲಿ ಒಂದು ಚುಕ್ಕಿ ಇಡಬೇಕು. ಮೇಲೊಂದು ಗೆರೆ, ಕೆಳಗೊಂದು ಗೆರೆ. ಚುಕ್ಕಿಗಳು ಅದರ ಮಧ್ಯೆ ಇದ್ದರೆ ಕೆಲಸ ಸರಿಯಾಗಿದೆ. ಅಮೆರಿಕದ ವಾಲ್ಟರ್ ಶೂಹಾರ್ಟ್ ಎಂಬುವರು 1924ರಲ್ಲಿ ತೋರಿಸಿಕೊಟ್ಟ ಪದ್ಧತಿ, ಇವತ್ತಿಗೂ ಕಾರ್ಖಾನೆಗಳಲ್ಲಿ ನಡೆಯುತ್ತಿದೆ.

ಮೂರನೇ ವಾರ ಒಂದು ಮಧ್ಯಾಹ್ನ ಚುಕ್ಕಿಗಳು ಒಂದೊಂದಾಗಿ ಮೇಲಕ್ಕೆ ಹತ್ತುತ್ತಿದ್ದುದನ್ನು ನೋಡಿ ಅವಳು ಸೂಪರ್‌ವೈಸರಿಗೆ ಹೇಳಿದಳು. ಮೇಲಿನ ಗೆರೆ ಇನ್ನೂ ಮುಟ್ಟಿರಲಿಲ್ಲ. ನೋಡಿದರೆ ಕಡೆಯುವ ಉಳಿ ಸವೆದಿತ್ತು. ಸವೆದ ಉಳಿ ಕಡಿಮೆ ಕೆತ್ತುತ್ತದೆ, ಸರಳು ದಪ್ಪವಾಗುತ್ತಾ ಹೋಗುತ್ತದೆ. ಮಾಲು ಹಾಳಾಗುವ ಮೊದಲೇ ಉಳಿ ಬದಲಾಯಿಸಿದರು. "ಹೂ ಕಟ್ಟುವಾಗಲೂ ಹೀಗೇ ಅತ್ತೆ. ಕೈ ಸೋತಾಗ ಗಂಟು ಸಡಿಲ ಆಗ್ತಾ ಬರುತ್ತೆ. ಮಾರಿಗೆ ಎಷ್ಟು ಹೂ ಅಂತ ಎಣಿಸ್ತಾ ಬಂದರೆ ಮೊದಲೇ ಗೊತ್ತಾಗುತ್ತೆ" ಎಂದು ಅವಳು ನಮಗೆ ವಿವರಿಸಿದಳು.

ಕೆಲಸ ಕೊಡುತ್ತೇವೆ ಎಂದು ಅವರು ಮಾತು ಕೊಟ್ಟಿಲ್ಲ. ಒಂದು ಪ್ರಮಾಣಪತ್ರ ಕೊಟ್ಟಿದ್ದಾರೆ. ಅವಳು ಈಗ ಕೊನೆಯ ವರ್ಷ ಓದುತ್ತಿದ್ದಾಳೆ. ಮೊದಲಿನಂತೆ ನಮ್ಮ ಲೆಕ್ಕವನ್ನೂ ಬರೆಯುತ್ತಿದ್ದಾಳೆ.

ಪತ್ರ ಬರೆಯುವ ಸಂಘಗಳಿಗೆ ನಮ್ಮ ಮಾತು

ಸಂಘದಲ್ಲಿ ಒಬ್ಬರಿಗೆ ಸಾಲ ಕೊಡುವ ಮೊದಲು ನಾವು ಏನು ನೋಡುತ್ತೇವೆ? ಸಭೆಗೆ ಬರುತ್ತಾರಾ, ಉಳಿತಾಯ ಕಟ್ಟುತ್ತಾರಾ, ಹಿಂದಿನ ಸಾಲ ತೀರಿಸಿದ್ದಾರಾ. ಅಳು ನೋಡಿ ಕೊಡುವುದಿಲ್ಲ, ನಡೆದುಕೊಂಡದ್ದು ನೋಡಿ ಕೊಡುತ್ತೇವೆ. ಶಿಫಾರಸು ಪತ್ರವೂ ಅಷ್ಟೇ. ನಮಗೆ ಬರುವ ವಿದ್ಯೆಯೇ ಇದು.

1. ಎಷ್ಟು ದಿನದಿಂದ ಬಲ್ಲೆವು, ಹೇಗೆ ಬಲ್ಲೆವು ಎಂದು ಮೊದಲು ಬರೆಯಿರಿ.

2. ಕಷ್ಟಪಟ್ಟು ದುಡಿಯುತ್ತಾಳೆ ಎಂದರೆ ಸಾಲದು. ಏನು ಮಾಡಿದಳು, ಎಷ್ಟು ದಿನ ಮಾಡಿದಳು, ಏನಾಯಿತು ಎಂದು ಬರೆಯಿರಿ. ಒಂದೇ ನಿಜವಾದ ಸಂಗತಿ ಸಾಕು.

3. ಹೋಗುವ ಜಾಗದಲ್ಲಿ ಏನು ಬೇಕು ಎಂದು ಕೇಳಿ, ಅದಕ್ಕೆ ಹೊಂದುವುದನ್ನು ಬರೆಯಿರಿ.

4. ಕೊರತೆ ಇದ್ದರೆ ಮುಚ್ಚಬೇಡಿ. ಅದನ್ನು ಹೇಗೆ ನೀಗಿಕೊಂಡಳು ಎಂದು ಹೇಳಿ.

5. ಮನೆಯ ಬಡತನವನ್ನು ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಬರೆಯಿರಿ, ಅಲ್ಲಿ ಅದು ಬೇಕು. ಕೆಲಸ ಕಲಿಯುವ ಅರ್ಜಿಯಲ್ಲಿ ಕೆಲಸ ಬರೆಯಿರಿ.

6. ಕಾಣದ್ದನ್ನು ಬರೆಯಬೇಡಿ. ನಮ್ಮ ಪತ್ರದ ಸುದ್ದಿ ಕೇಳಿ ಬೇರೊಬ್ಬರು ತಮ್ಮ ನೆಂಟರ ಹುಡುಗನಿಗೂ ಬರೆದುಕೊಡಿ ಎಂದು ಬಂದರು. ನಾವು ಅವನ ಕೆಲಸ ನೋಡಿರಲಿಲ್ಲ. ಆಗುವುದಿಲ್ಲ ಎಂದೆವು. ಬೇಸರ ಮಾಡಿಕೊಂಡರು. ಆದರೆ ಒಂದು ಸುಳ್ಳು ಪತ್ರ ಹೋದರೆ ಮುಂದೆ ನಮ್ಮ ಸೀಲು ನೋಡಿದವರು ಯಾರೂ ನಂಬುವುದಿಲ್ಲ. ಕಂತು ತಪ್ಪಿಸಿದ ಒಂದು ಸಂಘದಿಂದ ಎಲ್ಲಾ ಸಂಘಗಳ ಮೇಲೂ ಬ್ಯಾಂಕಿನವರಿಗೆ ಅನುಮಾನ ಬರುವ ಹಾಗೆ.

ಕಳಿಸುವ ಮೊದಲು ಕೇಳಬೇಕಾದದ್ದು

ಪತ್ರ ಬರೆದರೆ ನಮ್ಮ ಕೆಲಸ ಮುಗಿಯಲಿಲ್ಲ. ಎಷ್ಟು ದಿನ, ಎಷ್ಟು ಗಂಟೆ, ಯಾವ ಪಾಳಿ, ಹಣ ಕೊಡುತ್ತಾರಾ, ಯಾರ ಕೈಕೆಳಗೆ ಕೆಲಸ, ಪ್ರಮಾಣಪತ್ರ ಕೊಡುತ್ತಾರಾ ಎಂದು ಕೇಳಿ, ಬರಹದಲ್ಲಿ ತೆಗೆದುಕೊಳ್ಳಿ. ಇಂಟರ್ನ್‌ಶಿಪ್ ಕೊಡಿಸುತ್ತೇವೆ, ಮೊದಲು ದುಡ್ಡು ಕಟ್ಟಿ ಎನ್ನುವವರನ್ನು ನಂಬಬೇಡಿ.

ಇನ್ನೊಂದು ಮುಖ್ಯ ವಿಷಯ. ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯಲು 2013ರಲ್ಲಿ ಕಾಯ್ದೆ ಬಂದಿದೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಅದರ ಅಧ್ಯಕ್ಷೆ ಹೆಂಗಸೇ ಆಗಿರಬೇಕು. ತರಬೇತಿಗೆ ಬಂದವರಿಗೂ, ಅಪ್ರೆಂಟಿಸ್‌ಗಳಿಗೂ ಈ ಕಾಯ್ದೆಯ ರಕ್ಷಣೆ ಇದೆ. ಏನಾದರೂ ನಡೆದರೆ ಮೂರು ತಿಂಗಳೊಳಗೆ ಬರಹದಲ್ಲಿ ದೂರು ಕೊಡಬೇಕು. ಸಮಿತಿಯಲ್ಲಿ ಯಾರಿದ್ದಾರೆ ಎಂದು ಮೊದಲ ದಿನವೇ ಕೇಳಿ ಹೆಸರು ಬರೆದುಕೋ ಎಂದು ನಾವು ನಮ್ಮ ಹುಡುಗಿಗೆ ಹೇಳಿ ಕಳಿಸಿದ್ದೆವು. ಅದನ್ನು ಕೇಳುವುದು ಅನುಮಾನವಲ್ಲ, ಹಕ್ಕು.

ಕೊನೆಯದಾಗಿ

ಅಕ್ಕತಂಗಿಯರೇ, ಇವತ್ತು ಊರಿಗೆ ಹೋದ ಮೇಲೆ ಎರಡು ಕೆಲಸ ಮಾಡಿ ಎಂದು ಕೇಳಿಕೊಳ್ಳುತ್ತೇವೆ. ಮೊದಲನೆಯದು, ನಿಮ್ಮ ಸಂಘದ ಸಾಲದ ಲೆಕ್ಕ ತೆಗೆದು ಬಡ್ಡಿ ಹೇಗೆ ಹಾಕುತ್ತಿದ್ದೀರಿ ನೋಡಿ. ನಮ್ಮ ಹಾಗೆ ತಪ್ಪಿದ್ದರೆ ನಾಚಿಕೆ ಬೇಡ, ತಿದ್ದಿಕೊಳ್ಳಿ. ಎರಡನೆಯದು, ನಿಮ್ಮ ಲೆಕ್ಕ ಬರೆದುಕೊಡುವ ಹುಡುಗಿ ಯಾರು, ಏನು ಓದುತ್ತಿದ್ದಾಳೆ ಎಂದು ಕೇಳಿ. ಅವಳು ಮಾಡಿದ ಕೆಲಸವನ್ನು ನಡಾವಳಿ ಪುಸ್ತಕದಲ್ಲಿ ಅಂದಂದೇ ಬರೆದಿಡಿ. ನಾಳೆ ಅವಳು ಪತ್ರ ಕೇಳಿಕೊಂಡು ಬಂದಾಗ ನಿಮಗೆ ಬರೆಯಲು ಇರುತ್ತದೆ.

ನಮ್ಮ ಸಂಘಕ್ಕೆ ಈಗಾಗಲೇ ಇನ್ನಿಬ್ಬರು ಹುಡುಗಿಯರು ಬಂದು ಕೇಳಿದ್ದಾರೆ. ಒಬ್ಬಳು ಡಿಪ್ಲೊಮಾ, ಒಬ್ಬಳು ಬಿ.ಕಾಂ. ಅವರ ಕೆಲಸ ನೋಡಿ ಬರೆಯಬೇಕು ಎಂದು ಇಬ್ಬರಿಗೂ ಸಂಘದ ಒಂದೊಂದು ಪುಸ್ತಕ ಒಪ್ಪಿಸಿದ್ದೇವೆ.